ಮೊದಲ ಪಂಕ್ತಿ ಹುಳಗಳಿಗೆ

ದೇವರಿಗೆಂದು ಕೊಯ್ದ ಹೂವಿಗೆ ಕಳ್ಳತನದ ದೋಷವಿಲ್ಲ ಎಂಬ ಕಾನೂನು ಮಾಡಿದವರು ಯಾರೋ ನನಗೆ ಗೊತ್ತಿಲ್ಲ. ಆದರೆ ಅವರ ಮನೆಯಲ್ಲಿ ಹೂವಿನ ಗಿಡ ಇರಲಿಲ್ಲ ಎಂದು ಮಾತ್ರ ಖಂಡಿತವಾಗಿ ಹೇಳಬಲ್ಲೆ. ಶಿಕಾರಿಪುರದ ನಮ್ಮ ಬೀದಿಯಲ್ಲಿ ಈ ಕಾನೂನನ್ನು ಅಕ್ಷರಶಃ ಪಾಲಿಸುವವರು ಎದುರುಮನೆಯ ನಿವೃತ್ತ ಮೇಷ್ಟ್ರು. ಬೆಳಕು ಹರಿಯುವ ಮೊದಲೇ ಕೊಕ್ಕೆಕೋಲು, ಪ್ಲಾಸ್ಟಿಕ್ ಕವರು ಹಿಡಿದು ವಾಕಿಂಗ್ ಹೊರಡುತ್ತಾರೆ. ಕಾಂಪೌಂಡಿನ ಆಚೆ ಚಾಚಿದ ಕೊಂಬೆ ಸಾರ್ವಜನಿಕರದ್ದು. ಈಚೆ ಇರುವ ಕೊಂಬೆ ಕೊಕ್ಕೆಗೆ ಎಟುಕಿದರೆ ಅದೂ ಸಾರ್ವಜನಿಕರದ್ದೇ. ನಮ್ಮ ದಾಸವಾಳ ಅವರ ದೇವರ ತಲೆಯ ಮೇಲಿರುವುದನ್ನು ಎಷ್ಟೋ ವರ್ಷದಿಂದ ನೋಡಿಯೂ ಸುಮ್ಮನಿದ್ದೆ. ನಮ್ಮ ಯಜಮಾನರಿಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದವರು ಅವರು. ಇವತ್ತಿಗೂ ಮೇಷ್ಟ್ರನ್ನು ಕಂಡರೆ ನಮ್ಮವರು ಎತ್ತಿ ಕಟ್ಟಿದ ಪಂಚೆಯನ್ನು ತಟ್ಟನೆ ಇಳಿಸುತ್ತಾರೆ.

ಈ ವರ್ಷ ಮಾತ್ರ ನಾನು ಸುಮ್ಮನಿರುವ ಹಾಗಿರಲಿಲ್ಲ. ನನ್ನ ತವರು ಸೊರಬದ ಕಡೆ. ನಮ್ಮವ್ವ ಮೊಗೆಕಾಯಿಯ, ಅಂದರೆ ಸಾಂಬಾರು ಸೌತೆಯ, ಬೀಜವನ್ನು ಸಗಣಿಯಲ್ಲಿ ಕಲಸಿ ಅಡುಗೆಮನೆಯ ಗೋಡೆಗೆ ಬಡಿಯುತ್ತಿದ್ದಳು. ಅದು ಒಣಗಿ ಮುಂದಿನ ಮಳೆಗಾಲದವರೆಗೆ ಅಲ್ಲೇ ಕೂತಿರುತ್ತಿತ್ತು. ಒಂದು ಹುಳವೂ ಮುಟ್ಟುತ್ತಿರಲಿಲ್ಲ. ನನ್ನ ತಮ್ಮ ಆ ಗೋಡೆಗೆ ಟೈಲ್ಸ್ ಹಾಕಿಸಿದ ಮೇಲೆ ಅವ್ವ ಇದ್ದಬದ್ದ ಬೀಜವನ್ನೆಲ್ಲ ನನ್ನ ಕೈಗಿತ್ತಳು. ಹೋದ ವರ್ಷ ಅರ್ಧ ಹಾಕಿದೆ. ಬಳ್ಳಿಯೇನೋ ಬಚ್ಚಲಿನ ಮಾಡು ಹತ್ತಿತು, ಮೈತುಂಬ ಹಳದಿ ಹೂವೂ ಬಿಟ್ಟಿತು, ಆದರೆ ಎಲ್ಲ ಉದುರಿಹೋಯಿತು. ಒಂದು ಜೇನುಹುಳವೂ ಇತ್ತ ಸುಳಿದಿರಲಿಲ್ಲ. ಗಂಡುಹೂವು ಕಿತ್ತು ಹೆಣ್ಣುಹೂವಿಗೆ ನಾನೇ ತಿಕ್ಕಿ ನೋಡಿದೆ. ನಮ್ಮವರು ಪೇಪರಿನಿಂದ ತಲೆಯೆತ್ತಿ, “ಮದುವೆ ದಲ್ಲಾಳಿ ಕೆಲ್ಸ ಯಾವಾಗಿಂದ?” ಎಂದರು. ಸಂಬಂಧ ಒಂದೂ ಕೂಡಿಬರಲಿಲ್ಲ. ಅವ್ವ ಫೋನಿನಲ್ಲಿ ಕೇಳುವುದು ನನ್ನ ಮಂಡಿನೋವಲ್ಲ: “ಬೀಜ ತೀರ್ಸಿ ಕೂತ್ಯೇನೇ? ಇನ್ ಎಲ್ಲೂ ಇಲ್ಲ ನೋಡು ಅದು.”

ಮುಂಗಾರಿನ ಹೊತ್ತಿಗೆ ನಮ್ಮವರು ಮೆಕ್ಕೆಜೋಳದ ಗೊಬ್ಬರ, ಔಷಧಿ ತರಲು ಅಂಗಡಿಗೆ ಹೋದರು. ಅಂಗಡಿಯ ವಾರ್ಷಿಕೋತ್ಸವವಂತೆ, ಗಿರಾಕಿಗಳಿಗೆಲ್ಲ ಉಡುಗೊರೆಯಂತೆ. ಹಿಂದೊಮ್ಮೆ ಅಲ್ಲೇ ಸ್ಟೀಲ್ ಡಬ್ಬಿ ಸಿಕ್ಕಿತ್ತು, ಆಮೇಲೊಮ್ಮೆ ಗೋಡೆ ಗಡಿಯಾರ. ಈ ಸಲ ಮನೆಗೆ ಬಂದದ್ದು ಒರಟಾದ ಒಂದು ಕಾಗದ. ಮೇಲೆ ಹುಳದ ಚಿತ್ರ, ಕೆಳಗೆ ಅಂಗಡಿಯ ಹೆಸರು. “ಹರಿದು ಮಣ್ಣಿಗೆ ಹಾಕ್ಬೇಕಂತೆ. ಒಳಗೆ ಹೂವಿನ ಬೀಜ ಐತಂತೆ. ಪರಿಸರಸ್ನೇಹಿಯಂತೆ!” ಎಂದು ನಮ್ಮವರು ಒಂದೊಂದು ‘ಅಂತೆ’ಯನ್ನೂ ಉಗಿದ ಹಾಗೆ ಹೇಳಿದರು. ಹುಳ ಸಾಯಿಸಲಿಕ್ಕೆ ರಸೀದಿ, ಉಳಿಸಲಿಕ್ಕೆ ಉಚಿತ. ನನಗೂ ನಗು ಬಂತು. ಆದರೂ ಬಿಟ್ಟಿ ಬಂದದ್ದನ್ನು ಎಸೆದು ನನಗೆ ಅಭ್ಯಾಸವಿಲ್ಲ. ಕಾಗದವನ್ನು ನೆನೆಸಿ, ಚೂರು ಮಾಡಿ, ಉಳಿದರ್ಧ ಬೀಜ ಹಾಕಿ ಎಬ್ಬಿಸಿದ್ದ ಮೊಗೆಬಳ್ಳಿಯ ಬುಡದಿಂದ ಗೇಟಿನವರೆಗೆ ಊರಿದೆ.

ಅದು ಹುಟ್ಟಿತು! ಕೇಸರಿ, ಗುಲಾಬಿ, ಹಳದಿ, ನನಗೆ ಹೆಸರೇ ಗೊತ್ತಿಲ್ಲದ ಹೂವುಗಳು. ಹಿಂದೆಯೇ ಜೇನುಹುಳಗಳೂ ಬಂದವು. ಅವುಗಳ ಗುಂಯ್ ಸದ್ದನ್ನು ಅವ್ವನಿಗೆ ಫೋನಿನಲ್ಲೇ ಕೇಳಿಸಿದೆ. ಮರುದಿನ ಎದ್ದು ನೋಡಿದರೆ ಗಿಡಗಳೆಲ್ಲ ಬೋಳು. ಪಾಪ, ಬಂದ ಹುಳಗಳು ಒಂದು ಸುತ್ತು ಹಾಕಿ, ಮದುವೆ ಮುಗಿದ ಮೇಲೆ ಛತ್ರಕ್ಕೆ ಬಂದ ನೆಂಟರಂತೆ ಹಿಂತಿರುಗಿ ಹೋದವು.

ಆವತ್ತಿನಿಂದ ನಾನು ಬೆಳಕಾಗುವ ಮೊದಲೇ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂರತೊಡಗಿದೆ. ಕೊಕ್ಕೆ ಗೇಟಿನ ಮೇಲೆ ಬಂತು.

“ಮೇಷ್ಟ್ರೇ, ಹೂವು ಮುಟ್ಟಬ್ಯಾಡ್ರಿ.”

ಕೊಕ್ಕೆ ಗಾಳಿಯಲ್ಲೇ ನಿಂತಿತು. “ದೇವ್ರಿಗೆ ಕಣವ್ವಾ!”

“ಗೊತ್ತು. ಮೊದ್ಲು ಹುಳದ್ದು ಊಟ ಆಗ್ಲಿ, ಆಮೇಲೆ ದೇವ್ರು.”

“ಹುಳ ಮುಟ್ಟಿದ್ದು ಎಂಜಲಾಗಲ್ವೇನವ್ವಾ?”

“ಅಭಿಷೇಕಕ್ಕೆ ಜೇನುತುಪ್ಪ ಹಾಕ್ತೀರಲ್ರೀ, ಅದೇನು ಕಾರ್ಖಾನೇದಾ?”

ಮೇಷ್ಟ್ರು ಹಾಜರಿ ಕೂಗುವ ದನಿಯಲ್ಲಿ ನಮ್ಮವರ ಹೆಸರು ಕೂಗಿದರು. ನಮ್ಮವರು ಒಳಗಿನಿಂದಲೇ ಪಂಚೆ ಇಳಿಸಿಕೊಂಡು ಓಡಿಬಂದು, “ನಾಲ್ಕು ಹೂವು ತಾನೆ, ಕೊಡೇ ಮಾರಾಯ್ತಿ,” ಎಂದು ಬೇಡಿದರು. “ಪಾಠ ಕಲ್ತೋರು ನೀವು, ನಾನಲ್ಲ,” ಎಂದೆ. ನಾನು ಹೀಗೆ ಮಾತಾಡಬಲ್ಲೆ ಎಂದು ನನಗೂ ಗೊತ್ತಿರಲಿಲ್ಲ. ಆಡಿದ ಮೇಲೆ ಕಾಫಿ ಬಹಳ ರುಚಿಯಾಗಿತ್ತು.

ದೇವರಿಗೆ ಹೂವು ಇಲ್ಲವೆಂದ ಹೆಂಗಸೆಂದು ಬೀದಿಗೆಲ್ಲ ಹೆಸರಾಯಿತು. ಆಗಲಿ. ಮೆಟ್ಟಿಲು ಬಿಟ್ಟು ನಾನು ಏಳಲಿಲ್ಲ. ನಮ್ಮವರ ತಿಂಡಿ ತಡವಾಯಿತು. “ಹುಳಕ್ಕಿರೋ ಮರ್ಯಾದೆ ಈ ಮನೇಲಿ ನನಗಿಲ್ಲ,” ಎಂದು ಗೊಣಗಿದರು. ನಿಜ, ಇರಲಿಲ್ಲ. ನನ್ನ ದೇವರೂ ಬರೀ ಅಕ್ಷತೆಯಲ್ಲಿ ಸುಧಾರಿಸಿಕೊಂಡ, ಅವನು ಗೊಣಗಲಿಲ್ಲ.

ಒಂದು ದಿನ ಎಲೆಯ ಮರೆಯಲ್ಲಿ ಹೆಬ್ಬೆರಳಿನಷ್ಟು ಒಂದು ಮೊಗೆಮಿಡಿ ಕಂಡಿತು. ಬೆಳೆದದ್ದು ಅದೊಂದೇ. ಅಷ್ಟರಲ್ಲಿ ಮೇಷ್ಟ್ರು ಬಿಸಿಲೇರಿದ ಮೇಲೆ, ಕೊಕ್ಕೆ ಬಿಟ್ಟು, ಗೇಟಿನಿಂದಲೇ ಬರತೊಡಗಿದ್ದರು. “ಊಟ ಆತೇನವ್ವಾ ಅವರದ್ದು?” “ಇನ್ನೂ ಇಲ್ಲ, ಕೂತ್ಕಳ್ರಿ.” ಕೂತು ಕಾಯುತ್ತಿದ್ದರು. ಕಾಯಿ ಕಂಡ ದಿನ ಮಾತ್ರ ಅವರ ಕಣ್ಣು ಅರಳಿತು. “ಮೊದಲ ಕಾಯಿ ದೇವ್ರಿಗಲ್ವೇನವ್ವಾ?” “ಇದು ಬೀಜಕ್ಕೆ, ಮೇಷ್ಟ್ರೇ.” ಈ ಸಲ ಅವರು ನಮ್ಮವರನ್ನು ಕರೆಯಲಿಲ್ಲ.

ಹಣ್ಣಾದ ಕಾಯಿ ಕೊಯ್ದು, ಬೀಜ ತೆಗೆದು, ಸಗಣಿಯಲ್ಲಿ ಕಲಸಿ, ಹೊಸದಾಗಿ ಬಣ್ಣ ಹೊಡೆಸಿದ ನಮ್ಮ ಅಡುಗೆಮನೆಯ ಗೋಡೆಗೇ ಬಡಿದೆ. ನಮ್ಮವರು ಬಾಗಿಲಲ್ಲಿ ನಿಂತು ನೋಡಿದರು. ಬಾಯಿ ತೆರೆದರು, ನನ್ನ ಕೈ ಸಗಣಿಯಲ್ಲಿರುವುದನ್ನು ಕಂಡು ಮುಚ್ಚಿದರು. ಫೋನಿನಲ್ಲಿ ಅವ್ವ, “ಒಂದೇ ಗೋಡೆ ನಂಬಬ್ಯಾಡ. ನಾಲ್ಕು ಮನೆಗೆ ಹಂಚು,” ಎಂದಳು.

ಹಾಗಾಗಿ ನವರಾತ್ರಿಯ ಅರಿಸಿನ ಕುಂಕುಮಕ್ಕೆ ಮೇಷ್ಟ್ರ ಹೆಂಡತಿ ಗಿರಿಜಮ್ಮ ಬಂದಾಗ, ಎಲೆಯಡಿಕೆಯ ಜೊತೆ ಗೋಡೆಯಿಂದ ಕಿತ್ತ, ಒಣಗಿದ ಸಗಣಿಯ ಒಂದು ಬೀಜದ ಬಿಲ್ಲೆ ಇಟ್ಟೆ. ಅವರು ಅದನ್ನು ಎರಡೇ ಬೆರಳಲ್ಲಿ ಹಿಡಿದು, “ಬ್ಲೌಸ್ ಪೀಸ್ ಇಲ್ವೇನ್ರೀ ಈ ಸಲ?” ಎಂದರು. ಮುಖ ಥೇಟ್ ಗೊಬ್ಬರದಂಗಡಿಯಿಂದ ಬಂದ ದಿನದ ನಮ್ಮವರದ್ದೇ.

“ಗೋಡೆಗೆ ಹಚ್ಚಿ. ಮಳೆಗಾಲಕ್ಕೆ ಮಣ್ಣಿಗೆ ಹಾಕಿ,” ಎಂದೆ. ಒಳಗಿನಿಂದ ನಮ್ಮವರ ದನಿ ಬಂತು: “ಪರಿಸರಸ್ನೇಹಿಯಂತೆ ಗಿರಿಜಮ್ಮೋರೇ!”

ನಗಲಿ. ಹಬ್ಬ ಮುಗಿಯುವುದರೊಳಗೆ ಇನ್ನೂ ಮೂರು ಮನೆಯವರು ಬರುವವರಿದ್ದಾರೆ. ಬ್ಲೌಸ್ ಪೀಸು ನಾನು ತಂದಿಲ್ಲ, ತರುವುದೂ ಇಲ್ಲ.