ದುಂಡು ಬಾಗಿಲ ಮುಂದೆ ಬಿಟ್ಟ ಚಪ್ಪಲಿ

ಚೀನಾ ದೇಶದಲ್ಲಿ ತಮ್ಮೂರು ಕ್ಯಾಲನೂರಿನ ಮಾನವನ್ನು ಗುಲಗಂಜಿಯಷ್ಟೂ ಕಳೆಯುವುದಿಲ್ಲವೆಂದು ಗಂಗರತ್ನಮ್ಮ ವಿಮಾನ ಹತ್ತುವ ಮೊದಲೇ ಪ್ರತಿಜ್ಞೆ ಮಾಡಿದ್ದರು. ಟೂರಿಗೆ ಕರೆದೊಯ್ದ ಮಗಳು ತ್ರಿವೇಣಿ ಮಾತ್ರ ನಂಬಿರಲಿಲ್ಲ.

"ಅಮ್ಮಾ, ಅಲ್ಲಿ ಏನನ್ನೂ ಮುಟ್ಬೇಡ, ಯಾರನ್ನೂ ಮಾತಾಡಿಸ್ಬೇಡ."

"ನಾನೇನು ಎಳೇ ಮಗೂನಾ? ಆ ಬಾಗ್ಲಲ್ಲಿ ನಿಂತು ಒಂದು ಫೋಟೊ ಹಿಡಿಸ್ಕೊಂಡು ಬಂದ್ಬಿಡ್ತೀನಿ ಕಣೇ!"

ಎಲ್ಲಾ ಆ ಬಾಗಿಲಿನದೇ ಕಥೆ. ಅವರ ರೇಷ್ಮೆಹುಳು ಸಾಕುವ ಮನೆಯಲ್ಲಿ ಹಳೆಯ ಕ್ಯಾಲೆಂಡರ್ ಒಂದಿತ್ತು. ಅದರಲ್ಲಿ ಸೂಝೌ ಊರಿನ ಪುರಾತನ ತೋಟ. ಬಿಳೀ ಗೋಡೆಯಲ್ಲಿ ಹುಣ್ಣಿಮೆ ಚಂದ್ರನಂತೆ ದುಂಡಗಿನ ಬಾಗಿಲು. ಗಂಡ ಗಂಗುಲಪ್ಪ ಹುಳುವಿಗೆ ಸೊಪ್ಪು ಹಾಕುವಾಗಲೆಲ್ಲ, "ರೇಷ್ಮೆ ಹುಟ್ಟಿದ ಸೀಮೆ ಕಣೇ. ಅದರೊಳಗೆ ಇಬ್ಬರೂ ಒಂದ್ಸಲ ನುಗ್ಗಿ ಬರೋಣ" ಎನ್ನುತ್ತಿದ್ದರು. ಕೋಲಾರಕ್ಕೆ ಸಿನಿಮಾ ನೋಡಲು ಕರೆದರೂ "ಹುಳ ಜ್ವರಕ್ಕೆ ಕೂತಿದೆ" ಎನ್ನುವ ಮನುಷ್ಯ! ಹುಳುವಿನ ಜ್ವರವೇನೋ ಪೊರೆ ಕಳಚಿದೊಡನೆ ಬಿಡುತ್ತಿತ್ತು. ಎರಡು ವರ್ಷದ ಕೆಳಗೆ ಗಂಗುಲಪ್ಪನಿಗೆ ಬಂದದ್ದು ಬಿಡಲಿಲ್ಲ.

ಈಗ ಬಾಗಿಲು ಕಣ್ಣೆದುರೇ ಇತ್ತು. ಆಚೆಗೆ ಕೊಳ, ಕೊಳದ ತುಂಬ ತಾವರೆ ಎಲೆ.  ಗಂಗರತ್ನಮ್ಮನ ಕಾಲು ತಾನಾಗಿಯೇ ಚಪ್ಪಲಿ ಬಿಟ್ಟಿತು. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಬಲಗಾಲಿಟ್ಟು ಒಳಗೆ ಹೋದರು.

ಹಿಂದೆ ಬರುತ್ತಿದ್ದ ಚೀನೀ ಅಜ್ಜಿಯರ ದಂಡು ಇದನ್ನು ನೋಡಿತು. ಇಲ್ಲಿನ ನಿಯಮವಿರಬೇಕೆಂದು ಮೊದಲನೆಯಾಕೆ ಬೂಟು ಬಿಚ್ಚಿದಳು. ಆಕೆಯನ್ನು ನೋಡಿ ಎರಡನೆಯಾಕೆ. ಆಮೇಲೆ ಕೇಳಬೇಕೆ! ನೋಡುನೋಡುತ್ತಲೇ ಬಾಗಿಲ ಮುಂದೆ ಮದುವೆ ಛತ್ರವೂ ನಾಚುವಂಥ ಪಾದರಕ್ಷೆಗಳ ರಾಶಿ! ಜನ ಎಡವಿದರು, ಬಾಗಿಲಲ್ಲೇ ಸಿಕ್ಕಿಕೊಂಡರು, ಕಾವಲುಗಾರ ಪೀಪಿ ಊದುತ್ತಾ ಓಡಿಬಂದ.

"ಅಮ್ಮಾ! ಏನ್ ಮಾಡ್ದೆ?"

"ಚಪ್ಪಲಿ ಬಿಟ್ಟೆ."

"ಇದು ದೇವಸ್ಥಾನ ಅಲ್ಲಮ್ಮಾ! ಹಿಂದಿನ ಕಾಲದ ಯಾರೋ ದೊಡ್ಡ ಅಧಿಕಾರಿ ಮನೆ ತೋಟ!"

"ಮನೆ ಅಂದ್ಮೇಲೆ ಮುಗೀತಲ್ಲ! ಚಪ್ಪಲಿ ಹಾಕ್ಕೊಂಡು ಯಾರ ಮನೆಗಾದ್ರೂ ನುಗ್ತಾರೇನೇ?"

ಕಾವಲುಗಾರ ಎಲ್ಲರನ್ನೂ ಹೊರಗೆ ಅಟ್ಟತೊಡಗಿದ. ಗಂಗರತ್ನಮ್ಮ ಕನ್ನಡದಲ್ಲಿ ಬೇಡಿದರು. ಕೆಲಸಕ್ಕೆ ಬರಲಿಲ್ಲ. ಕನ್ನಡ ಬಾರದವರಿಗೆ ತೆಲುಗಾದರೂ ಬಂದೇ ಬರುತ್ತದೆಂಬುದು ಅವರ ಜೀವಮಾನದ ಅನುಭವ!

"ಒಕ್ಕ ಫೋಟೊ, ನಾಯನಾ!"

ಎತ್ತಿದ ಒಂದು ಬೆರಳು ಕಂಡೋ, ಕಣ್ಣಲ್ಲಿ ತುಂಬಿದ ನೀರು ಕಂಡೋ, ಆತ ಪೀಪಿ ಕೆಳಗಿಳಿಸಿದ.

"ಬೇಗ ಅಮ್ಮಾ! ನಡುವೆ ನಿಲ್ಲು."

ಗಂಗರತ್ನಮ್ಮ ಒಂದು ಮಗ್ಗುಲಿಗೆ ಒತ್ತರಿಸಿ ನಿಂತರು.

"ನಡುವೆ ಬಾ ಅಂದ್ರೆ!"

"ಸುಮ್ನೆ ಹಿಡಿಯೇ. ನಿಮ್ಮಪ್ಪಂಗೆ ಜಾಗ ಬೇಡ್ವಾ?"

ತ್ರಿವೇಣಿ ಫೋನು ಎತ್ತಿದಳು. ಕಣ್ಣು ಮಂಜಾಗಿ ಏನೂ ಕಾಣದೆಯೇ ಗುಂಡಿ ಒತ್ತಿದಳು.

ಬಸ್ಸಿನಲ್ಲಿ ಕೂತು ಇಬ್ಬರೂ ಫೋಟೊ ನೋಡಿದರು. ಬಾಗಿಲು ಬಂದಿತ್ತು. ಕೊಳ ಬಂದಿತ್ತು. ಗಂಗರತ್ನಮ್ಮ ಕಣ್ಣು ಮುಚ್ಚಿ ನಿಂತಿದ್ದರು. ಪಕ್ಕದಲ್ಲಿ, ಗಂಗುಲಪ್ಪನ ಜಾಗದಲ್ಲಿ, ಗಂಗರತ್ನಮ್ಮ ಬಿಟ್ಟಿದ್ದ ಎರಡೂ ಚಪ್ಪಲಿ ಎತ್ತಿ ಹಿಡಿದು ಹಲ್ಲು ಬಿಡುತ್ತಾ ಕಾವಲುಗಾರ!

"ಅಯ್ಯೋ, ಇದನ್ನ ಅಪ್ಪನ ಫೋಟೊ ಪಕ್ಕ ಹೇಗಮ್ಮಾ ಹಾಕೋದು?"

ಗಂಗರತ್ನಮ್ಮ ಬಹಳ ಹೊತ್ತು ನೋಡಿದರು. ಸೆರಗಿನಿಂದ ಫೋನಿನ ಗಾಜು ಒರೆಸಿದರು.

"ಹಾಕು, ನಿಮ್ಮಪ್ಪ ಚೆನ್ನಾಗಿ ನೋಡ್ಲಿ. ಬರ್ತೀನಿ ಬರ್ತೀನಿ ಅಂತ ಬರದೇ ಹೋದ್ರೆ, ಜಾಗ ಖಾಲಿ ಇರುತ್ತಾ?"