ಅಜ್ಜಿಗೆ ಅವಸರವಿರಲಿಲ್ಲ

ಚಳಿಗಾಲದ ಕೊನೆ. ಕೋಳಿಗಳು ಮೊಟ್ಟೆಯಿಡಲೂ ಸೋಮಾರಿತನ ಮಾಡುವ ಕಾಲ. ಲಾರಿಯಣ್ಣ ಬೆಳಿಗ್ಗೆಯೇ ಶೆಡ್ಡಿನ ಕಸ ಬಳಿದು, ನೀರಿನ ತಟ್ಟೆ ತೊಳೆದು, ಸಿಕ್ಕಷ್ಟು ಮೊಟ್ಟೆಗಳನ್ನು ಟ್ರೇಗೆ ಜೋಡಿಸುತ್ತಿದ್ದ. ಲಾರಿ ಬಿಟ್ಟು ವರ್ಷಗಳಾದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. ಸೊಂಟ ಹಿಡಿದು ಸ್ಟೇರಿಂಗ್ ಬಿಟ್ಟವನಿಗೆ ಈಗ ಹೆಂಡತಿಯ ಅಣ್ಣನ ಕೋಳಿ ಶೆಡ್ಡೇ ಗತಿ. ಭಾವ ಬೈದಾಗಲೆಲ್ಲ ಅಂಗಿಯ ಜೇಬು ಮುಟ್ಟಿಕೊಳ್ಳುತ್ತಿದ್ದ. ಅಲ್ಲಿ ಹೆವಿ ಲೈಸೆನ್ಸ್ ಇತ್ತು. ಬೇಕೆಂದರೆ ನಾಳೆಯೇ ಹೊರಟೇನು ಎಂಬ ಆ ಒಂದು ಧೈರ್ಯದ ಮೇಲೆ ಎಷ್ಟೋ ಬೈಗುಳ ನುಂಗಿದ್ದ.

ಅದರ ಅವಧಿ ಆ ಸಂಜೆಗೆ ಮುಗಿಯುವುದಿತ್ತು. ಅಷ್ಟರೊಳಗೆ ಪೇಟೆಯ ಆರ್‌ಟಿಓ ಆಫೀಸಿನಲ್ಲಿ ಸಹಿ ಬೀಳದಿದ್ದರೆ ಮತ್ತೆ ಮೊದಲಿನಿಂದ ಪರೀಕ್ಷೆ. ಈ ಸೊಂಟಕ್ಕೆ ಅದು ಆಗುವ ಮಾತಲ್ಲ.

ಕೈ ತೊಳೆದು ಹೊರಡುವಷ್ಟರಲ್ಲಿ ಭಾವ ಎದುರಾದ. ಹಿಂದೆಯೇ ಹಾಲಿನವಳು.

"ಕೊನೆಮನೆ ಅಜ್ಜಿ ಹೋಗ್ಬಿಟ್ಲು. ಹೆಣದ ಬಸ್ಸಿನ ಡ್ರೈವರ್ ಜ್ವರ ಬಂದು ಮಲಗಿದಾನೆ. ನೀನೇ ಓಡಿಸ್ತೀಯ ಅಂತ ಹೇಳ್ಬಿಟ್ಟೆ."

"ಭಾವ, ಇವತ್ತು ನನ್ನ ಲೈಸೆನ್ಸು..."

"ಅದಕ್ಕೇ ಹೇಳಿದ್ದು. ಇಷ್ಟು ವರ್ಷ ಜೇಬಲ್ಲಿಟ್ಟು ಕಾವು ಕೊಟ್ಟಿದೀಯ. ಒಂದು ದಿನವಾದ್ರೂ ಮರಿ ಆಗ್ಲಿ."

"ಅಜ್ಜಿ ನಿನ್ನ ಕಂಡ್ರೆ ಪ್ರಾಣ ಬಿಡ್ತಿದ್ಲು ಕಣಣ್ಣ," ಎಂದು ಹಾಲಿನವಳು ಮೂಗೊರೆಸಿಕೊಂಡಳು.

ಬಸ್ಸು ಮುದಿ ಎಮ್ಮೆಯಂತೆ ಮಲಗಿತ್ತು. ಕೇರಿಯವರೆಲ್ಲ ತಳ್ಳಿದ ಮೇಲೆ ಗುರುಗುಟ್ಟುತ್ತ ಎದ್ದಿತು. ಆಮೇಲೆ ದೂರದೂರಿನ ಮಗಳು ಬರಬೇಕೆಂದು ಕಾದರು. ಬಂದವಳು ಅತ್ತು ಮುಗಿಸುವವರೆಗೆ ಮತ್ತೆ ಕಾದರು. ಬಿಸಿಲು ವಾಲತೊಡಗಿತು. ಕೊನೆಗೂ ಹೊರಟಾಗ ಲಾರಿಯಣ್ಣನ ಕಾಲಿಗೆ ಹಳೆಯ ದಿನಗಳು ನೆನಪಾದವು. ಹೊಂಡಗಳಲ್ಲಿ ಬಸ್ಸು ಎಗರಿದಂತೆಲ್ಲ ಅಜ್ಜಿಯೂ ಎಗರಿದಳು.

ಹೆಣದ ಪಕ್ಕ ಕೂತಿದ್ದವನು ಅಜ್ಜಿಯ ಮಗ. ಚಿಕ್ಕಂದಿನಲ್ಲೇ ಊರು ಬಿಟ್ಟವನು. ಪೇಟೆಯಲ್ಲಿ ಯಾವುದೋ ನೌಕರಿಯಂತೆ. ಅವನು ಕೂಗಿಕೊಂಡ: "ಸ್ವಲ್ಪ ನಿಧಾನ ಹೋಗ್ರೀ! ನಮ್ಮಮ್ಮ ಇದಾರೆ ಇಲ್ಲಿ!"

"ಅಮ್ಮಂಗೇನೂ ಅವಸರ ಇಲ್ಲ ಸ್ವಾಮಿ. ನನಗಿದೆ!"

ಸ್ಮಶಾನದಲ್ಲಿ ಮಗ ಗುಂಡಿಯ ಬಳಿ ಕೂತು ಬಿಕ್ಕುತ್ತಿದ್ದ, ಏಳಲೊಲ್ಲ. ಲಾರಿಯಣ್ಣ ಸೂರ್ಯನನ್ನು ನೋಡಿದ, ಮಗನನ್ನು ನೋಡಿದ, ಕೊನೆಗೆ ತಡೆಯಲಾರದೆ ಹಾರ್ನ್ ಒತ್ತಿದ. ಮರದ ಕಾಗೆಗಳೆಲ್ಲ ಒಮ್ಮೆಗೇ ಎದ್ದವು. ಮಗ ತಿರುಗಿ, ಒದ್ದೆ ಕಣ್ಣಿನಲ್ಲೇ ಅವನನ್ನು ಬಹಳ ಹೊತ್ತು ದಿಟ್ಟಿಸಿದ.

ಎಲ್ಲರನ್ನೂ ಕೇರಿಗೆ ಇಳಿಸಿ, ಸಿಕ್ಕ ಟೆಂಪೋ ಹತ್ತಿ ಪೇಟೆ ಮುಟ್ಟಿದಾಗ ಆಫೀಸಿನ ಬಾಗಿಲು ಇನ್ನೂ ತೆರೆದಿತ್ತು. ಲಾರಿಯಣ್ಣನಿಗೆ ಹೋದ ಜೀವ ಬಂತು. ಪ್ಯೂನ್ ಕಾಗದಗಳನ್ನೆಲ್ಲ ನೋಡಿದ.

"ಎಲ್ಲ ಸರಿಯಾಗಿದೆ ಅಣ್ಣಾ. ಸಾಹೇಬ್ರ ಸಹಿ ಒಂದೇ ಬಾಕಿ. ಆದ್ರೆ ಅವ್ರು ಇವತ್ತು ಬಂದಿಲ್ಲ."

"ಯಾಕೆ?"

"ತಾಯಿ ತೀರ್ಕೊಂಡ್ರು. ನಿಮ್ಮ ಕಡೆಯ ಹಳ್ಳೀಲೇ."

ಲಾರಿಯಣ್ಣ ಅಂಗಿಯ ಜೇಬು ಮುಟ್ಟಿಕೊಂಡ. ಅಷ್ಟರಲ್ಲಿ ಫೋನ್ ಬಂತು. ಪ್ಯೂನ್ ಎದ್ದು ನಿಂತು ಕೇಳಿಸಿಕೊಂಡ. ಆಮೇಲೆ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದ.

"ಸಾಹೇಬ್ರೇ ಮಾತಾಡ್ತಿರೋದು. ಯಾವನೋ ಹೆಣದ ಬಸ್ಸಿನವನು ತಾಯಿ ಮುಂದೆ ಅಳೋಕೂ ಬಿಡ್ಲಿಲ್ವಂತೆ. ಅವನ ಲೈಸೆನ್ಸ್ ಹುಡುಕಿ ರದ್ದು ಮಾಡ್ಬೇಕಂತೆ. ನಿಮ್ಗೇನಾದ್ರೂ ಗೊತ್ತಾ ಅವನು?"

"ಗೊತ್ತು," ಎಂದ ಲಾರಿಯಣ್ಣ. "ಪಾಪ, ದುಃಖದಲ್ಲಿದಾರೆ, ತೊಂದರೆ ತಗೋಬೇಡಿ ಅನ್ನಿ. ಇನ್ನೇನು ಕತ್ತಲಾಗುತ್ತೆ, ಆ ಲೈಸೆನ್ಸು ತಾನಾಗೇ ಸಾಯುತ್ತೆ."