ತೊಟ್ಟಿಲಿಗೆ ಕಟ್ಟಿದ ವಾಚು

ನನ್ನಲ್ಲಿ ಒಂದು ದೊಡ್ಡ ದುರ್ಗುಣವಿದೆ. ಯಾರಾದರೂ ಕಷ್ಟಪಡುವುದನ್ನು ಕಂಡರೆ ಸುಮ್ಮನಿರಲಾರೆ. ಊರಿನವರು ಇದನ್ನು ಸದ್ಗುಣವೆಂದು ತಿಳಿದು ಮದುವೆಮನೆಗಳಲ್ಲಿ ಬಡಿಸಲು ನನ್ನನ್ನೇ ಮೊದಲು ಕರೆಯುತ್ತಾರೆ. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಒಮ್ಮೆ ಮಧುಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಮುದುಕಿಯೊಬ್ಬಳು ರಾಗಿ ಚೀಲದೊಂದಿಗೆ ಒದ್ದಾಡುತ್ತಿದ್ದುದನ್ನು ಕಂಡು, ಅವಳು ಏನೋ ಹೇಳುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ, ಚೀಲವನ್ನು ಪಾವಗಡದ ಬಸ್ಸಿನ ಮೇಲೆ ಏರಿಸಿಬಿಟ್ಟೆ. ಬಸ್ಸು ಹೊರಟುಹೋಯಿತು. ಮುದುಕಿ ಆಗ ತಾನೇ ಪಾವಗಡದಿಂದ ಬಂದು ಅದೇ ಬಸ್ಸಿನಿಂದ ಇಳಿದಿದ್ದಳಂತೆ. 'ನಿನ್ನು ಎವರು ಪಿಲ್ಚಿನಾರಯ್ಯಾ?' ಎಂದು ತಲೆ ಚಚ್ಚಿಕೊಂಡಳು. ನಿನ್ನನ್ನು ಯಾರಪ್ಪಾ ಕರೆದರು ಎಂದು ಅರ್ಥ. ಇದನ್ನು ನಾನು ಬಹಳ ದಿನ ನಗುತ್ತಾ ಹೇಳಿಕೊಂಡು ತಿರುಗಿದೆ. ಈಗ ಹೇಳಹೊರಟಿರುವುದನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ.

ನಮ್ಮಣ್ಣ ರಂಗಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ. ಅತ್ತಿಗೆ ಮದುವೆಯಾದ ಎರಡೇ ವರ್ಷಕ್ಕೆ ತೀರಿಕೊಂಡಿದ್ದರಿಂದ ಅವನು ನಮ್ಮ ಜೊತೆಗೇ ಇದ್ದ. ನಾನು ತಾಲ್ಲೂಕು ಕಚೇರಿಯ ಗುಮಾಸ್ತ. ದಿನವಿಡೀ ಕೂತು ಬರೆಯುವ ನನ್ನ ಕೈ ಅಂಗುಲ ಅಂಗುಲವಾಗಿ ಸರಿಯುತ್ತಿದ್ದರೆ, ಅಣ್ಣನ ಕೈಗಳು ಒಂದು ಗಳಿಗೆ ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಊಟಕ್ಕೆ ಕೂತಾಗ ಉಪ್ಪು ಬೇಕೆಂದರೂ ತೋಳನ್ನು ಭುಜದ ಮಟ್ಟಕ್ಕೆ ಎತ್ತಿಯೇ ಕೇಳುತ್ತಿದ್ದ. ಮಿಲಿಟರಿ ಸೇರಿದ್ದ ಅವನ ಹಳೆಯ ಶಿಷ್ಯನೊಬ್ಬ ಯಾವುದೋ ಪರದೇಶದಿಂದ ಬರುವಾಗ ಅವನಿಗೊಂದು ವಾಚು ತಂದುಕೊಟ್ಟಿದ್ದ. ಅದಕ್ಕೆ ಕೀ ಕೊಡಬೇಕಾಗಿರಲಿಲ್ಲ. ಪಕ್ಕದಲ್ಲಿದ್ದ ಗುಂಡಿ ಮುಳ್ಳು ತಿರುಗಿಸುವುದಕ್ಕೆ ಮಾತ್ರ. ಒಳಗೆ ಒಂದು ಬಿಲ್ಲೆ ಇದೆ, ಕೈ ಆಡಿದಂತೆಲ್ಲ ಅದು ತಿರುಗಿ ತಾನೇ ಕೀ ಕೊಟ್ಟುಕೊಳ್ಳುತ್ತದೆ ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ಮಧುಗಿರಿಯಲ್ಲಿ ಅಂಥ ವಾಚು ಇನ್ನೊಂದಿರಲಿಲ್ಲ. ಆಸೆಪಟ್ಟು ನಾನೊಂದು ದಿನ ಕಟ್ಟಿಕೊಂಡು ಕಚೇರಿಗೆ ಹೋದೆ. ಮಾರನೆಯ ಬೆಳಿಗ್ಗೆ ಅದು ನಿಂತಿತ್ತು. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಅಂಥವನಿಗೆ ಐವತ್ತು ತುಂಬುವ ಮೊದಲೇ ಲಕ್ವ ಹೊಡೆಯಿತು. ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದವನು ಹಾಗೆಯೇ ಪಕ್ಕಕ್ಕೆ ಉರುಳಿದ. ಕಾಲು ಹದಿನೈದು ದಿನಗಳಲ್ಲಿ ಎಳೆದುಕೊಂಡು ನಡೆಯುವಷ್ಟಾಯಿತು. ಎಡಗೈ ಮಾತ್ರ ಭುಜದಿಂದ ಕೆಳಕ್ಕೆ ಯಾರದೋ ಕೈಯಂತೆ ಜೋತುಬಿದ್ದಿತ್ತು. ಸಿದ್ದರಬೆಟ್ಟದ ಸೊಪ್ಪಿನಿಂದ ಕಾಸಿದ ಎಣ್ಣೆ ಬಂತು. ಪಾರಿವಾಳದ ರಕ್ತ ಹಚ್ಚಿ ಎಂದು ಹೇಳುವವರೂ ಬಂದರು. ಆಸ್ಪತ್ರೆಯ ಡಾಕ್ಟರು ಮಾತ್ರ ಎಣ್ಣೆಯನ್ನೂ ಬೈಯದೆ ಪಾರಿವಾಳವನ್ನೂ ಹೊಗಳದೆ ಒಂದೇ ಮಾತು ಹೇಳಿದರು. ಬಲಗೈಯಿಂದ ಎಡಗೈಯನ್ನು ಹಿಡಿದೆತ್ತಿ ಗೋಡೆಗೆ ತಾಗಿಸಬೇಕು, ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕು, ಬೆಳಿಗ್ಗೆ ನೂರು ಸಲ, ಸಂಜೆ ನೂರು ಸಲ. 'ಮೂರು ತಿಂಗಳು. ಅಷ್ಟರೊಳಗೆ ಬಂದಷ್ಟು ಬಂತು. ಆಮೇಲೆ ಕೀಲು ಬಿಗಿದುಕೊಂಡರೆ ನಾನೇನೂ ಮಾಡಲಾರೆ' ಎಂದರು.

ಡ್ರಿಲ್ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಔಷಧಿ ಯಾವುದು? ಅಣ್ಣ ಆ ಸತ್ತ ಕೈಗೇ ವಾಚು ಕಟ್ಟಿಸಿಕೊಂಡ. 'ಲೇ ನಂಜ, ಡಾಕ್ಟ್ರು ಹೇಳೋದು ಬ್ಯಾಡ, ಎಣ್ಣೆಯೋರು ಹೇಳೋದೂ ಬ್ಯಾಡ. ಈ ವಾಚು ರಾತ್ರಿ ಹಗಲು ನಿಲ್ದಂಗೆ ಯಾವತ್ತು ಓಡ್ತೈತೋ ಅವತ್ತು ನನ್ ಕೈ ಬಂದಂಗೆ ಕಣ್ಲಾ' ಎಂದ. ಆಮೇಲೆ ಗೋಡೆಗೆ ಎದುರಾಗಿ ನಿಂತು, ಬಲಗೈಯಿಂದ ಎಡಗೈಯನ್ನು ಎತ್ತುತ್ತಾ, ಹಲ್ಲು ಕಚ್ಚಿಕೊಂಡು, ಒಂದು, ಎರಡು ಎಂದು ಎಣಿಸತೊಡಗಿದ. ಭುಜದ ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ನೂರು ಮುಗಿದಾಗ ವಾಚು ಟಿಕ್ ಟಿಕ್ ಎನ್ನುತ್ತಿತ್ತು. ಅಣ್ಣ ಅದನ್ನು ಕಿವಿಗೆ ಹಿಡಿದು ನಗುತ್ತಿದ್ದ. ಎರಡು ಗಂಟೆ ಹೊತ್ತು ಕಳೆದ ಮೇಲೆ ಅದು ನಿಂತುಹೋಗುತ್ತಿತ್ತು. ಆಗ ಅವನು ಊಟ ಮಾಡುತ್ತಿರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ.

ಇದನ್ನು ನಾನು ಹನ್ನೆರಡು ದಿನ ನೋಡಿದೆ. ಹದಿಮೂರನೆಯ ದಿನ ಕಚೇರಿ ಕೆಲಸವಿದೆ, ಹಾಗೆಯೇ ವಾಚಿನ ಪಟ್ಟಿ ಸರಿಮಾಡಿಸಿ ತರುತ್ತೇನೆ ಎಂದು ಅಣ್ಣನಿಗೆ ಸುಳ್ಳು ಹೇಳಿ, ವಾಚನ್ನು ಜೇಬಿಗಿಟ್ಟುಕೊಂಡು ಸಿರಾಕ್ಕೆ ಹೋದೆ. ಅಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇಮಾಮ್ ಸಾಬರು ವಾಚು ರಿಪೇರಿ ಮಾಡುತ್ತಿದ್ದರು. ವಾಚನ್ನು ಬಿಚ್ಚಿ ನೋಡಿ, ಏನೂ ಕೆಟ್ಟಿಲ್ಲ ಎಂದರು. ಹಾಗಾದರೆ ಕೈಗೆ ಕಟ್ಟದೆಯೇ ಇದನ್ನು ಓಡಿಸುವ ಉಪಾಯವುಂಟೋ ಎಂದು ಕೇಳಿದೆ.

'ದೊಡ್ ಶಹರದಾಗೆ ಮಿಷೀನು ಮಡಗವ್ರಂತೆ ಸ್ವಾಮಿ. ವಾಚ್ನ ಅದುಕ್ಕೆ ಕಟ್ಬುಟ್ರೆ ತಿರುಗ್ಸ್ತಾನೇ ಇರ್ತದಂತೆ. ನಮಗ್ಯಾಕೆ ಅದು? ಇದು ದುಡಿಯೋರ ವಾಚು. ಕೈ ಆಡುದ್ರೆ ಅದುಕ್ಕೆ ಊಟ, ಆಡ್ದೇ ಇದ್ರೆ ಉಪಾಸ. ನಿಂತ್ರೆ ನಿಂತ್ಕಳ್ಳಿ, ಏನೂ ಖರಾಬ್ ಆಗಾಕಿಲ್ಲ. ಸುಮ್ಕೆ ತಿರುಗ್ಸುದ್ರೆ ಸವೀತದೆ ಅಷ್ಟೇಯ. ಹಂಗೇ ಬುಟ್ಬುಡಿ' ಎಂದರು ಸಾಬರು.

ಇಡೀ ಸಿರಾ ಪೇಟೆಯಲ್ಲಿ ಅಂದು ನನಗೆ ಸಿಕ್ಕ ಬುದ್ಧಿಮಾತು ಅದೊಂದೇ. ನನ್ನ ತಲೆಗೆ ಹತ್ತಿದ್ದು ಮಾತ್ರ ಮಿಷೀನಿನ ವಿಷಯ. ಬಸ್ಸು ಮಧುಗಿರಿ ಮುಟ್ಟುವ ಹೊತ್ತಿಗೆ ಮನಸ್ಸಿನಲ್ಲೇ ನಾಲ್ಕು ಮಿಷೀನು ಕಟ್ಟಿ ಮುಗಿಸಿದ್ದೆ ಎಂದು ಹೇಳಬೇಕೆನಿಸುತ್ತದೆ, ಆದರೆ ಅದೂ ಬಡಾಯಿ. ಒಂದೂ ಹೊಳೆದಿರಲಿಲ್ಲ. ಮರುದಿನದಿಂದ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು, ಅಣ್ಣ ಮಲಗಿದಾಗ, ಸ್ಪರ್ಶವಿಲ್ಲದ ಆ ಕೈಯಿಂದ ವಾಚನ್ನು ಬಿಚ್ಚಿ, ನಾನೇ ಕಟ್ಟಿಕೊಂಡು ಹಿತ್ತಲಲ್ಲಿ ತೋಳು ಬೀಸುತ್ತಾ ಓಡಾಡಿದೆ. ಎರಡೇ ದಿನಕ್ಕೆ ನನ್ನ ಭುಜ ಊದಿಕೊಂಡಿತು. ಪಕ್ಕದ ಮನೆಯಾಕೆ ನನ್ನ ಹೆಂಡತಿ ಜಯಮ್ಮನನ್ನು ಕರೆದು, 'ನಿಮ್ ಯಜಮಾನ್ರಿಗೂ ಏನಾರ ಆಗೈತೇನಮ್ಮ?' ಎಂದು ವಿಚಾರಿಸಿದಳಂತೆ. ಮೂರನೆಯ ದಿನ ಮೊಸರು ಕಡೆಯುವ ಕಡೆಗೋಲಿಗೆ ವಾಚನ್ನು ಕಟ್ಟಿದೆ. ವಾಚು ಓಡಿತು, ಆದರೆ ಗಾಜಿನ ಮೇಲೆಲ್ಲ ಬೆಣ್ಣೆ. ಅದನ್ನು ಸೀಗೆಪುಡಿ ಹಾಕಿ ಒರೆಸಬೇಕಾಯಿತು. ಕೊನೆಗೆ ಜಯಮ್ಮನೇ, 'ಕೂಸಿನ ತೊಟ್ಲು ಹೆಂಗೂ ತೂಗ್ತೀನಲ್ಲ, ಅದುಕ್ಕೆ ಕಟ್ಬುಡಿ ಅತ್ಲಾಗೆ' ಎಂದಳು. ಆರು ತಿಂಗಳ ನಮ್ಮ ಮಗಳು ದಿನವೂ ಮಧ್ಯಾಹ್ನ ಎರಡು ಗಂಟೆ ಹೊತ್ತು ತೂಗದೆ ಮಲಗುವವಳಲ್ಲ. ತೊಟ್ಟಿಲ ಪಟ್ಟಿಗೆ ವಾಚು ಕಟ್ಟಿದೆವು. ಜಯಮ್ಮ ತೂಗಿದಳು. ನಾಲ್ಕು ಗಂಟೆಗೆ ಅಣ್ಣ ಏಳುವ ಮೊದಲೇ ಬಿಚ್ಚಿ ಮತ್ತೆ ಅವನ ಕೈಗೆ ಕಟ್ಟಿದೆವು. ಅದು ಮಾರನೆಯ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಆ ರಾತ್ರಿ ಅಣ್ಣ ಎರಡು ಮುದ್ದೆ ಉಂಡ. ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾದೆ.

ಅಲ್ಲಿಂದ ಮನೆಯಲ್ಲಿ ಹಬ್ಬವೋ ಹಬ್ಬ. ಬಂದವರಿಗೆಲ್ಲ ಅಣ್ಣ ಕೈ ತೋರಿಸಿ, 'ಕೇಳಿ, ಹೆಂಗ್ ಓಡ್ತೈತೆ' ಎನ್ನುತ್ತಿದ್ದ. ಬೆಳಗಿನ ನೂರು ಮೊದಲು ಐವತ್ತಾಯಿತು, ಆಮೇಲೆ ಇಪ್ಪತ್ತಾಯಿತು. ಸಂಜೆಯದು ನಿಂತೇಹೋಯಿತು. ಯಾಕಣ್ಣಾ ಎಂದು ಒಂದು ದಿನ ಕೇಳಿದೆ. 'ನಿದ್ದೇಲಿ ತಂತಾನೇ ಆಡ್ತೈತೆ ಕಣ್ಲಾ. ಇಲ್ದಿದ್ರೆ ವಾಚೆಂಗೆ ಓಡ್ತದೆ? ಇನ್ಯಾಕೆ ಸುಮ್ಕೆ ನೋಯಿಸ್ಲಿ' ಎಂದ. ಆ ಗಳಿಗೆಯಲ್ಲಿ ಬಾಯಿಬಿಡಬೇಕಾಗಿತ್ತು. ಮನುಷ್ಯ ತಿಂಗಳ ಮೇಲೆ ಈಗ ಹೊಟ್ಟೆ ತುಂಬ ಉಣ್ಣುತ್ತಿದ್ದಾನೆ, ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಎನ್ನುವುದು ನಮ್ಮ ಕಚೇರಿಯಲ್ಲಿ ನಾನು ದಿನಾ ಬಳಸುವ ಮಾತು. ಅದನ್ನು ಮನೆಗೂ ತಂದೆ.

ಮೂರು ತಿಂಗಳು ತುಂಬಲು ಒಂದು ವಾರವಿದ್ದಾಗ ಡಾಕ್ಟರು ಮನೆಗೇ ಬಂದರು. ಅಣ್ಣ ಅಂಗಿಯ ತೋಳು ಸರಿಸಿ, 'ನೋಡಿ ಸ್ವಾಮಿ, ಎರಡು ತಿಂಗಳಿಂದ ನಿಂತಿಲ್ಲ' ಎಂದು ವಾಚು ತೋರಿಸಿದ. ಡಾಕ್ಟರು ವಾಚನ್ನು ನೋಡಲಿಲ್ಲ. ಮೊಣಕೈಯನ್ನು ನೆಟ್ಟಗೆ ಮಾಡಲು ನೋಡಿದರು, ಆಗಲಿಲ್ಲ. ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡಿದ್ದವು. 'ದಿನಾ ಮಾಡ್ತಿದ್ದೀರಾ?' ಎಂದು ಕೇಳಿದರು. ಅಣ್ಣ ನಿದ್ದೆಯಲ್ಲಿ ಆಡುವ ಕೈಯ ಕಥೆ ಹೇಳಿದ. ಡಾಕ್ಟರು ಒಮ್ಮೆ ವಾಚನ್ನು, ಒಮ್ಮೆ ನನ್ನನ್ನು ನೋಡಿದರು. ನಾನು ಸೂರಿನ ಕಡೆ ನೋಡಿದೆ. ಬಾಗಿಲ ಮರೆಯಲ್ಲಿದ್ದ ಜಯಮ್ಮ ಅಳುತ್ತಲೇ ಹೊರಗೆ ಬಂದಳು. 'ತೊಟ್ಲಿಗೆ ಕಟ್ತಿದ್ವಿ ಭಾವ. ನೀವು ಮಲಗ್ದಾಗ ಬಿಚ್ಕೊಂಡು ತೊಟ್ಲಿಗೆ ಕಟ್ತಿದ್ವಿ. ನೀವು ಉಣ್ಲಿ ಅಂತ' ಎಂದಳು.

ಅಣ್ಣ ಬೈಯಲಿಲ್ಲ. ಲಕ್ವ ಬಡಿಯದೆ ಉಳಿದ ಅರ್ಧ ಮುಖದಲ್ಲಿ ನಕ್ಕು, 'ಕೂಸಿನ ಜೊತೀಗೆ ನನ್ನೂ ತೂಗ್ಬುಟ್ರೇನ್ಲಾ' ಎಂದ. ವಾಚು ಬಿಚ್ಚಲು ಬಲಗೈಯೊಂದರಿಂದ ಒದ್ದಾಡಿದ. ನಾನು ಕೈ ಚಾಚಿದಾಗ, 'ಬುಡು' ಎಂದ. ಬಿಚ್ಚಿದ ಮೇಲೆ ಅದನ್ನು ನನ್ನ ಕಡೆ ತಳ್ಳಿದ. ಮರುದಿನ ಬೆಳಗಿನಿಂದ ಮತ್ತೆ ಗೋಡೆಗೆ ಎದುರಾಗಿ ನಿಂತು ಒಂದು, ಎರಡು ಎಂದು ಎಣಿಸಿದ. ಆರು ತಿಂಗಳು ಒಂದು ದಿನವೂ ಬಿಡಲಿಲ್ಲ. ಭುಜ ಸ್ವಲ್ಪ ಎತ್ತಲು ಬಂತು. ಬೆರಳುಗಳು ಬಿಡಿಸಿಕೊಳ್ಳಲಿಲ್ಲ. ಬೆರಳಾಡದ ಡ್ರಿಲ್ ಮೇಷ್ಟ್ರಿಗೆ ಹೈಸ್ಕೂಲಿನಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. ಅವನ ಕೆಲಸ ಹೋಯಿತು. ಆ ವಾಚನ್ನು ಸುಮ್ಮನೆ ನಿಂತದ್ದು ನಿಂತ ಹಾಗೆ ಅವನ ಕೈಯಲ್ಲಿ ಬಿಟ್ಟಿದ್ದರೆ, ಅದನ್ನು ಓಡಿಸುವ ಹಟಕ್ಕಾದರೂ ಅವನು ದಿನಕ್ಕೆ ನೂರಲ್ಲ, ಐನೂರು ಸಲ ಎತ್ತುತ್ತಿದ್ದ. ಕೈ ಪೂರ್ತಿ ಬರುತ್ತಿತ್ತೆಂದು ಡಾಕ್ಟರೂ ಹೇಳಲಿಲ್ಲ, ಬರುತ್ತಿರಲಿಲ್ಲವೆಂದೂ ಹೇಳಲಿಲ್ಲ. ಅವರು ಎರಡನೆಯದನ್ನು ಹೇಳಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಇದಾಗಿ ನಾಲ್ಕು ವರ್ಷ. ಅಣ್ಣನಿಗೆ ಸ್ನಾನ ಮಾಡಿಸುವುದು, ಅಂಗಿ ತೊಡಿಸುವುದು, ಗುಂಡಿ ಹಾಕುವುದು ಎಲ್ಲ ನನ್ನ ಪಾಲಿನ ಕೆಲಸ. ಇವತ್ತು ಬೆಳಿಗ್ಗೆ ಕಚೇರಿಗೆ ಹೊತ್ತಾಗಿತ್ತು. ಗಡಿಬಿಡಿಯಲ್ಲಿ ಒಳಗೆ ಹೋದೆ. ಅಣ್ಣ ಮಂಚದ ಮೇಲೆ ಕೂತು, ಗದ್ದದಿಂದ ಅಂಗಿಯ ಅಂಚನ್ನು ಅದುಮಿ ಹಿಡಿದು, ಬಲಗೈಯೊಂದರಿಂದಲೇ ಗುಂಡಿ ಹಾಕಿಕೊಳ್ಳುತ್ತಿದ್ದ. ಮೂರು ಹಾಕಿ ಮುಗಿಸಿದ್ದ. ಹಣೆಯೆಲ್ಲ ಬೆವೆತಿತ್ತು. ನಾಲ್ಕನೆಯದು ಕಾಜಕ್ಕೆ ಸಿಕ್ಕಿಯೂ ಸಿಕ್ಕದೆ ಜಾರುತ್ತಿತ್ತು. ಅವನ ಒದ್ದಾಟ ಕಂಡು ಸುಮ್ಮನಿರಲಾಗಲಿಲ್ಲ. ಎರಡೇ ಹೆಜ್ಜೆಗೆ ಹತ್ತಿರ ಹೋಗಿ, ನಾಲ್ಕನೆಯದನ್ನೂ ಐದನೆಯದನ್ನೂ ಚಕಚಕನೆ ಹಾಕಿಬಿಟ್ಟೆ.

ಅಣ್ಣ ಬಲಗೈಯನ್ನು ತೊಡೆಯ ಮೇಲೆ ಇಳಿಸಿದ. 'ಹಾಕ್ಬುಟ್ಟೇನ್ಲಾ?' ಎಂದ.